ಅಣ್ಣ ಕಟ್ಟಿದ ಗಾಡಿ

ಗೆಳೆಯರು ಪದ್ಯ ಕೇಳಿದ್ದರು. ಬರೆಯಲು ಕೂತಾಗಲೆಲ್ಲ ನಮ್ಮಣ್ಣನ ಗಾಡಿ ಅಡ್ಡ ಬಂದು ನಿಲ್ಲುತ್ತಿತ್ತು. ಅದನ್ನು ದಾಟಿ ಮುಂದೆ ಹೋಗಲಿಕ್ಕೆ ಆಗಲಿಲ್ಲ. ಅದಕ್ಕೇ ಗಾಡಿಯ ಕತೆಯನ್ನೇ ಬರೆಯುತ್ತಿದ್ದೇನೆ. ಇದರಲ್ಲಿ ಕಬ್ಬಿಣ ಜಾಸ್ತಿ, ಕಾವ್ಯ ಕಡಿಮೆ. ಓದುವವರು ಸಹಿಸಿಕೊಳ್ಳಬೇಕು.

ಗಾಡಿ ಅಂದರೆ ಕಾರು ಹೊರುವ ಗಾಡಿ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರು, ಗುದ್ದಿಸಿಕೊಂಡು ಜಜ್ಜಿಹೋದ ಕಾರು, ಇಂಥವನ್ನು ಬೆನ್ನ ಮೇಲೆ ಹಾಕಿಕೊಂಡು ಷೆಡ್ಡಿಗೆ ತಲುಪಿಸುವ ಗಾಡಿ. ಯಾವ ಕಂಪನಿಯಿಂದಲೂ ಹಾಗೇ ಇಳಿದು ಬಂದದ್ದಲ್ಲ. ಕೊಳೆತುಹೋದ ಒಂದು ಸ್ಕೂಲ್ ಮಿನಿಬಸ್ಸು, ಸೊಂಟ ಮುರಿದ ಒಂದು ವ್ಯಾನು, ಎರಡನ್ನೂ ಕತ್ತರಿಸಿ ಕೂಡಿಸಿ ನಮ್ಮಣ್ಣ ಕಟ್ಟಿದ್ದು. 2017ರ ಬೇಸಿಗೆಯಲ್ಲಿ ಕೈ ಹಾಕಿದ, 2018ರ ಯುಗಾದಿಗೆ ಮುಗಿಸಿದ. ಆಗ ನಾನು ಬಿ.ಎ. ಓದುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಣ್ಣ ಎಂಟನೇ ಕ್ಲಾಸಿಗೇ ಇಳಿದುಬಿಟ್ಟವನು.

ಆದರೆ ಈ ಕತೆ ಶುರುವಾಗಬೇಕಾದ್ದು ತಾತನ ಹಗ್ಗದಿಂದ.

ನಮ್ಮದು ಮಾದಿಗರ ಹಟ್ಟಿ, ಸಿರಾ ಸೀಮೆ. ಊರೊಳಗೆ ದನ ಸತ್ತರೆ ಗೌಡರ ಆಳು ಬಂದು ಹಟ್ಟಿಯ ಹೊರಗೆ ಹುಣಸೆಮರದ ಕೆಳಗೆ ನಿಂತು ಕೂಗುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. "ದನ ಬಿದ್ದೈತೆ, ಎಳ್ಕೊಂಡೋಗ್ರೋ" ಅಂತ ಒಂದು ಕೂಗು, ಅಷ್ಟೇ. ತಾತ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಏಳುತ್ತಿದ್ದ. ಹಗಲೋ ರಾತ್ರಿಯೋ, ಮೈಮೇಲೆ ಜ್ವರ ಇದೆಯೋ ಇಲ್ಲವೋ, ಕೇಳುವವರಿಲ್ಲ. ನಾಲ್ಕು ಕಾಲು ಸೇರಿಸಿ ಕಟ್ಟಿ, ಬೊಂಬು ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟು, ಭಾರದ ಎತ್ತಾದರೆ ನೆಲದ ಮೇಲೇ ಎಳೆದುಕೊಂಡು, ಊರ ಹಿಂದಿನ ಹಳ್ಳಕ್ಕೆ ಹೋಗಬೇಕು. ಇದಕ್ಕೆ ಇಂತಿಷ್ಟು ಅಂತ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಒಂದು ಮೊರ ರಾಗಿ. ಅದು ಕೊಟ್ಟದ್ದಲ್ಲ, ಹಾಕಿದ್ದು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅಪ್ಪನಿಂದ ಮಗನಿಗೆ ಇಳಿದು ಬರುವ ಊರ ಚಾಕರಿಗಳನ್ನು ಕಾಗದದ ಮೇಲೆ ತೆಗೆದುಹಾಕಿತು. ಹುಣಸೆಮರದ ಕೆಳಗಿನ ಕೂಗನ್ನು ತೆಗೆಯಲಿಲ್ಲ. ಅದನ್ನು ತೆಗೆದವನು ನಮ್ಮಪ್ಪ. ದಲಿತ ಸಂಘರ್ಷ ಸಮಿತಿಯವರ ಒಂದು ಸಭೆಗೆ ಹೋಗಿದ್ದನಂತೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟ ವಿಷಯ ಅಲ್ಲಿ ಕೇಳಿ ಬಂದ. ಮುಂದಿನ ಸಲ ಕೂಗು ಬಂದಾಗ ಒಳಗಿನಿಂದಲೇ ತಿರುಗಿ ಕೂಗಿದ: "ಎಳೆಯೋರು ಯಾರೂ ಇಲ್ಲ." ಆ ವರ್ಷ ಹಟ್ಟಿಯ ಒಬ್ಬರನ್ನೂ ಕಳೆ ಕೀಳಲಿಕ್ಕೆ ಕರೆಯಲಿಲ್ಲ. ಗಂಡಸರು ಬೆಂಗಳೂರಿಗೆ ಮಣ್ಣು ಹೊರಲು ಹೋದರು. ತಾತ ಹಗ್ಗವನ್ನು ಸುತ್ತಿ ಗೋಡೆಯ ಗೂಟಕ್ಕೆ ನೇತುಹಾಕಿದ. ನಾನು ಹುಟ್ಟಿದಾಗ ಅದು ಅಲ್ಲೇ ನೇತಾಡುತ್ತಿತ್ತು.

ಅಣ್ಣ ಶಾಲೆ ಬಿಟ್ಟವನು ಹೆದ್ದಾರಿ ಪಕ್ಕದ ಟಿಂಕರಿಂಗ್ ಷೆಡ್ಡು ಸೇರಿದ. ಸ್ಪ್ಯಾನರು ಎತ್ತಿ ಕೊಡುವುದು, ಮೇಸ್ತ್ರಿಗೆ ಟೀ ತರುವುದು, ಡೀಸೆಲ್ಲಿನಲ್ಲಿ ಬೇರಿಂಗು ತೊಳೆಯುವುದು. ಹನ್ನೆರಡು ವರ್ಷದಲ್ಲಿ ಗ್ಯಾಸ್ ಕಟಿಂಗು, ವೆಲ್ಡಿಂಗು, ಡೆಂಟು ತೆಗೆಯುವುದು, ಕಮಾನು ಬಿಚ್ಚಿ ಕೂರಿಸುವುದು ಎಲ್ಲ ಕೈಗೆ ಬಂತು. ಆಮೇಲೆ ತನ್ನದೇ ಒಂದು ಷೆಡ್ಡು ಹಾಕಿಕೊಂಡ. ನಾಲ್ಕು ಕಂಬ, ಮೇಲೆ ತಗಡು. ಜಾಗ ಮಾತ್ರ ಗೌಡರದು. ರಸ್ತೆ ಬದಿಯ ಬರಡು ಮೂಲೆ, ತಿಂಗಳಿಗೆ ಇಷ್ಟು ಅಂತ ಬಾಯಿಮಾತಿನ ಬಾಡಿಗೆ. ಕಾಗದ ಇಲ್ಲ.

ಸಿರಾ ಹಿರಿಯೂರು ನಡುವಿನ ಹೆದ್ದಾರಿ ನೋಡಿದವರಿಗೆ ಗೊತ್ತು. ನೇರ ರಸ್ತೆ, ರಾತ್ರಿ ಓಡುವ ಕಾರುಗಳು, ಬೆಳಗಿನ ಜಾವದ ತೂಕಡಿಕೆ. ಗುದ್ದಿಸಿಕೊಂಡ ಕಾರನ್ನು ಟೌನಿನಿಂದ ಬರುವ ಕ್ರೇನು ಮೂತಿ ಎತ್ತಿ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುತ್ತಿತ್ತು. ಹಿಂದಿನ ಚಕ್ರ ಸೊಟ್ಟಗಾಗಿದ್ದರೆ ದಾರಿಯುದ್ದ ಟೈರು ಉಜ್ಜಿ ಹರಿದುಹೋಗುತ್ತಿತ್ತು. ಗೇರು ತಾನಾಗಿ ಬೀಳುವ ಕಾರುಗಳದು ಇನ್ನೂ ಕಷ್ಟ. ಎಂಜಿನ್ ಆಫ್ ಆಗಿ, ಎಂಜಿನ್ನಿನಿಂದ ತಿರುಗಬೇಕಾದ ಚಕ್ರ ನೆಲದ ಮೇಲೆ ಸುಮ್ಮನೆ ಉರುಳಿದರೆ ಗೇರ್‌ಬಾಕ್ಸಿಗೆ ಎಣ್ಣೆ ಏರುವುದಿಲ್ಲ, ಒಳಗೇ ಸುಟ್ಟುಹೋಗುತ್ತದೆ. "ಬದುಕಿರೋ ಕಾರ್ನ ಎಳೆಯೋವಾಗ ಸಾಯಿಸ್ತಾವ್ರೆ ಕಣ್ಲಾ" ಅನ್ನುತ್ತಿದ್ದ ಅಣ್ಣ. ನಾಲ್ಕು ಚಕ್ರವೂ ನೆಲ ಬಿಟ್ಟು ಮೇಲೆ ಕೂತು ಹೋಗುವ ಗಾಡಿ ಬೇಕು ಅನ್ನುವುದು ಅವನ ತಲೆ ಹೊಕ್ಕಿತು. ಕಂಪನಿ ಗಾಡಿಯ ಬೆಲೆ ಕೇಳಿ ಬಂದ ದಿನ ಮಾತಾಡಲಿಲ್ಲ.

ಆಗ ತಾನೇ ಫೋನಿನಲ್ಲಿ ಇಂಟರ್ನೆಟ್ಟು ಅಗ್ಗವಾಗಿತ್ತು. ಒಂದು ರಾತ್ರಿ ಅಣ್ಣ ನನ್ನನ್ನು ಎಬ್ಬಿಸಿ ಅಮೆರಿಕದ ವಿಡಿಯೋ ತೋರಿಸಿದ. ಅಲ್ಲಿ ಮೋಟರ್‌ಹೋಮ್ ಅಂತ ಇದೆ. ಬಸ್ಸಿನಂಥ ಗಾಡಿಯೊಳಗೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಇಟ್ಟುಕೊಂಡು ದೇಶ ಸುತ್ತುತ್ತಾರೆ. ಅದು ಹಳತಾದರೆ ಮೇಲಿನ ಮನೆಯನ್ನು ಕಿತ್ತೊಗೆದು, ಕೆಳಗಿನ ಚಾಸಿಗೆ ಹಳೇ ವ್ಯಾನಿನ ಮೂತಿ ಕೂರಿಸಿ, ಹಿಂದೆ ಕಾರು ಹೊರುವ ಹಾಸು ಕಟ್ಟುವ ಷೋಕಿಯ ಜನ ಇದ್ದಾರೆ. 1973ರಿಂದ 1978ರವರೆಗೆ ಜಿ.ಎಂ.ಸಿ. ಹೆಸರಿನಲ್ಲಿ ಬಂದ ಮೋಟರ್‌ಹೋಮ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು ಇಲ್ಲ. ಹಾಗಾಗಿ ಹಾಸನ್ನು ನೆಲಕ್ಕೆ ಹತ್ತಿರ ಇಳಿಸಬಹುದು, ಕಾರು ಸಲೀಸಾಗಿ ಹತ್ತುತ್ತದೆ.

"ಅವ್ರು ಮನೆ ಕಿತ್ತಾಕಿ ಗಾಡಿ ಮಾಡ್ತಾವ್ರೆ. ನಮಗೆ ಕಿತ್ತಾಕಕ್ಕೆ ಮನೆ ಇಲ್ಲ, ಸ್ಕೂಲ್ ಬಸ್ಸು ಐತೆ" ಅಂತ ನಕ್ಕ.

ನಾನು ಕಾಲೇಜಿನಲ್ಲಿ ಹುಡುಕಿ ಇನ್ನೊಂದು ವಿಷಯ ತಂದು ಹೇಳಿದೆ. ಕೆಟ್ಟ ಕಾರು ಎಳೆಯುವ ಗಾಡಿಯನ್ನು ಮೊದಲು ಕಟ್ಟಿದವನು ಅಂತ ಹೆಸರು ಪಡೆದ ಅರ್ನೆಸ್ಟ್ ಹೋಮ್ಸ್ ಕೂಡ ಒಬ್ಬ ಗ್ಯಾರೇಜಿನವನೇ. ಅಮೆರಿಕದ ಟೆನೆಸಿ ರಾಜ್ಯದ ಚಟ್ಟನೂಗ ಅನ್ನುವ ಊರು. ಹಳ್ಳಕ್ಕೆ ಬಿದ್ದಿದ್ದ ಒಂದು ಕಾರನ್ನು ಹಗ್ಗ ಹಾಕಿ ಜನರ ಕೈಲಿ ಎಳೆಸಿ ಸಾಕಾಗಿ, 1916ರಲ್ಲಿ ಹಳೇ ಕ್ಯಾಡಿಲಾಕ್ ಕಾರಿನ ಮೇಲೆ ಕಂಬ, ರಾಟೆ, ಸರಪಣಿ ಜೋಡಿಸಿಕೊಂಡ. ಅಂದರೆ ಮೊದಲನೆಯದೂ ಹಳೇ ಸಾಮಾನಿನಿಂದಲೇ ಹುಟ್ಟಿದ್ದು. ಅಣ್ಣ ಕೇಳಿಸಿಕೊಂಡು, "ಅವ್ನ ಹತ್ರ ಕ್ಯಾಡಿಲಾಕ್ ಆದ್ರೂ ಇತ್ತು" ಅಂದ.

ಮಿನಿಬಸ್ಸು ಸಿಕ್ಕಿದ್ದು ಒಂದು ಗುಜರಿ ಅಂಗಡಿಯ ಹಿಂದೆ. ಟಾಟಾ 407ರ ಚಾಸಿನ ಮೇಲೆ ಕಟ್ಟಿದ್ದು. 1986ರಲ್ಲಿ ಶುರುವಾದ ಈ 407 ನಮ್ಮ ಕಡೆ ತರಕಾರಿ, ಕುರಿ, ಮದುವೆ ದಿಬ್ಬಣ, ಚುನಾವಣೆ ಎಲ್ಲವನ್ನೂ ಹೊತ್ತಿದೆ. ಬಸ್ಸಿನ ತಗಡು ತುಕ್ಕು ಹಿಡಿದು ಕೈಯಿಟ್ಟರೆ ಉದುರುತ್ತಿತ್ತು, ಸೀಟುಗಳಲ್ಲಿ ಇಲಿ ಮರಿ ಹಾಕಿತ್ತು. ಆದರೆ ಚಾಸಿನ ಎರಡು ಉದ್ದನೆಯ ದೂಲಗಳು ಗಟ್ಟಿಯಾಗಿದ್ದವು. ವ್ಯಾನು ಇನ್ನೊಂದು ಊರಿನದು, ಅದೂ 407. ಅದರ ಚಾಸು ಬಗ್ಗಿಹೋಗಿತ್ತು, ಕ್ಯಾಬು ಮತ್ತು ಎಂಜಿನ್ ಚೆನ್ನಾಗಿದ್ದವು. ವ್ಯಾನಿನ ಚಾಸಿಗಿಂತ ಬಸ್ಸಿನ ಚಾಸು ಒಂದಡಿಯಷ್ಟು ಉದ್ದ. ಎರಡೂ ಒಂದೇ ಕುಲದವಾದ್ದರಿಂದ ಇದರ ಬೋಲ್ಟು ಅದರ ತೂತಿಗೆ ಕೂತಿತು. ದುಡ್ಡಿಗೆ ಅತ್ತಿಗೆಯ ಓಲೆ ಹೋಯಿತು, ಅವ್ವನ ಎರಡು ಮೇಕೆ ಹೋದವು, ನನ್ನ ಸ್ಕಾಲರ್‌ಶಿಪ್ಪಿನ ಹಣವೂ ಹೋಯಿತು.

ರಜೆಯಿಡೀ ನಾನು ಷೆಡ್ಡಿನಲ್ಲಿದ್ದೆ. ಹಗಲು ಬೇರೆಯವರ ಕಾರು, ರಾತ್ರಿ ನಮ್ಮ ಗಾಡಿ. ಗ್ಯಾಸ್ ಕಟರಿನ ನೀಲಿ ಉರಿಯಲ್ಲಿ ಬಸ್ಸಿನ ಮೈ ತುಂಡುತುಂಡಾಗಿ ಬಿತ್ತು. ಕಿಟಕಿಯ ಸರಳಿಗೆ ಮಕ್ಕಳು ಗೀಚಿದ್ದ ಹೆಸರುಗಳಿದ್ದವು. ಅದೊಂದು ದೊಡ್ಡ ಫೀಜಿನ ಕಾನ್ವೆಂಟಿನ ಬಸ್ಸು. ಅಣ್ಣ ಓದುವ ಕಾಲದಲ್ಲಿ ಅಂಥ ಬಸ್ಸು ಹಟ್ಟಿಯ ಮುಂದೆ ದೂಳೆಬ್ಬಿಸಿಕೊಂಡು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅದರ ಬೆನ್ನು ಬಿಚ್ಚುವಾಗ ಅವನ ಮುಖ ನೋಡಿದೆ. ಕನ್ನಡಕದೊಳಗೆ ಏನಿತ್ತೋ ಕಾಣಲಿಲ್ಲ.

ಹೊಸ ಹಾಸು ಎಷ್ಟು ಉದ್ದ ಇರಬೇಕು ಅನ್ನುವುದೇ ಮೊದಲ ಜಗಳ. ಹಿಂದಿನ ಅಚ್ಚಿನಿಂದ ಆಚೆಗೆ ಬಾಡಿ ಎಷ್ಟು ಚಾಚಬಹುದು ಅನ್ನುವುದಕ್ಕೆ ಕೇಂದ್ರದ ಮೋಟಾರು ವಾಹನ ನಿಯಮಗಳಲ್ಲಿ ಮಿತಿ ಇದೆ. ಎರಡು ಅಚ್ಚುಗಳ ನಡುವಿನ ದೂರದ ನೂರಕ್ಕೆ 60ನ್ನು ಮೀರಬಾರದು. ನಮ್ಮ ಚಾಸಿನಲ್ಲಿ ಆ ದೂರ 3,400 ಮಿ.ಮೀ. ಅಂದರೆ ಹಿಂದಕ್ಕೆ 2,040 ಮಿ.ಮೀ. ತನಕ ಚಾಚಬಹುದು. ಕ್ಯಾಬಿನ ಬೆನ್ನಿನಿಂದ ಲೆಕ್ಕ ಹಾಕಿದರೆ 14 ಅಡಿ ಹಾಸು. ಆಲ್ಟೊ, ಸ್ವಿಫ್ಟು ಆರಾಮಾಗಿ ಕೂರುತ್ತವೆ. ಇನ್ನೋವಾ 15 ಅಡಿ, ಆದರೆ ಅದರ ಚಕ್ರಗಳು ಹಾಸಿನೊಳಗೇ ಬರುತ್ತವೆ, ಬಂಪರಿನ ತುದಿ ಮಾತ್ರ ಆಚೆ ನಿಲ್ಲುತ್ತದೆ. ಈ ಲೆಕ್ಕ ಬರೆದದ್ದು ನಾನು, ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ.

ಆಮೇಲೆ ತೂಕ. ಗಾಡಿಯ ಸ್ವಂತ ತೂಕ ಹೆಚ್ಚಿದಷ್ಟೂ ಅದು ಹೊರುವುದು ಕಡಿಮೆ. 4 ಮಿ.ಮೀ. ದಪ್ಪದ ಕಬ್ಬಿಣದ ತಗಡು ಒಂದು ಚದರ ಮೀಟರಿಗೆ 31 ಕೆ.ಜಿ. ತೂಗುತ್ತದೆ. ಪೂರ್ತಿ ಹಾಸಿದರೆ 260 ಕೆ.ಜಿ. ದಾಟುತ್ತದೆ. ಕಾರಿನ ಚಕ್ರ ಓಡುವ ಎರಡು ಪಟ್ಟಿ ಮಾತ್ರ, ಎರಡೆರಡು ಅಡಿ ಅಗಲಕ್ಕೆ ಹಾಸಿದರೆ 160ರಲ್ಲಿ ಮುಗಿಯುತ್ತದೆ. ನೂರು ಕೆ.ಜಿ. ಉಳಿತಾಯ, ದುಡ್ಡೂ ಉಳಿತಾಯ. ನಡುವೆ ಬಯಲು ಬಿಟ್ಟೆವು. ಕೆಳಗೆ 75 ಮಿ.ಮೀ. ಸಿ ಚಾನಲ್ ಅಡ್ಡ ಪಟ್ಟಿಗಳು.

ಚಾಸಿನ ದೂಲಕ್ಕೆ ಅಣ್ಣ ಒಂದು ಚುಕ್ಕೆ ವೆಲ್ಡಿಂಗೂ ಹಾಕಲಿಲ್ಲ. ದೂಲದ ಮೇಲಂಚಿಗೆ, ಕೆಳಂಚಿಗೆ ಅಡ್ಡಡ್ಡ ವೆಲ್ಡು ಹಾಕಿದರೆ, ತೂತು ಕೊರೆದರೆ, ಅಲ್ಲಿಂದಲೇ ಬಿರುಕು ಬಿಡುತ್ತದೆ. ಹಾಸಿನ ಚೌಕಟ್ಟನ್ನು ಬೇರೆಯಾಗಿ ಕಟ್ಟಿ, ನಡುವೆ ಮರದ ಪಟ್ಟಿ ಕೊಟ್ಟು, ಯು ಬೋಲ್ಟಿನಿಂದ ಬಿಗಿದ. ಗಾಡಿಯ ಮೇಲೆ ಇನ್ನೆಲ್ಲೇ ವೆಲ್ಡಿಂಗ್ ಇದ್ದರೂ ಮೊದಲು ಬ್ಯಾಟರಿ ತಂತಿ ಬಿಚ್ಚುತ್ತಿದ್ದ. ಯಾವ ಇಂಜಿನಿಯರಿಂಗ್ ಕಾಲೇಜೂ ಇವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಸಪೂರ ಮೈಯ ಎಂಟನೇ ಕ್ಲಾಸಿನ ಹುಡುಗ ಹನ್ನೆರಡು ವರ್ಷ ಬೈಗುಳ ತಿಂದು ಕದ್ದು ಕಲಿತದ್ದು.

ಎಲ್ಲಕ್ಕಿಂತ ಕಾಡಿದ್ದು ಹತ್ತುವ ದಾರಿ. 407ರ ಹೊಟ್ಟೆ ಕೆಳಗೆ ಶಾಫ್ಟು ಓಡುವುದರಿಂದ ಅಮೆರಿಕದವರ ಹಾಗೆ ಹಾಸು ತಗ್ಗಿಸಲು ಆಗುವುದಿಲ್ಲ. ನೆಲದಿಂದ 3 ಅಡಿ ಎತ್ತರ. 8 ಅಡಿಯ ಹಲಗೆ ಇಟ್ಟರೆ 22 ಡಿಗ್ರಿ ಏರು. ಅದರ ಮೇಲೆ ಕಾರಿನ ಮೂತಿ ನೆಲಕ್ಕೆ ಉಜ್ಜುತ್ತದೆ. ಅಣ್ಣ ಎರಡು ದಿನ ಬೀಡಿ ಸೇದುತ್ತ ಕೂತ. ಮೂರನೇ ದಿನ ಹಾಸಿನ ಕೊನೆಯ 3 ಅಡಿಯನ್ನು ಕತ್ತರಿಸಿ 9 ಇಂಚು ಕೆಳಕ್ಕೆ ಬಾಗಿಸಿದ, ದನ ಬಾಲ ಇಳಿಬಿಟ್ಟ ಹಾಗೆ. ಈಗ ಹಲಗೆ ಹತ್ತಬೇಕಾದ ಎತ್ತರ ಎರಡೂಕಾಲು ಅಡಿ. ನಾನು ಹತ್ತನೇ ಕ್ಲಾಸಿನ ತ್ರಿಕೋನಮಿತಿ ನೆನಪು ಮಾಡಿಕೊಂಡು ಹೇಳಿದೆ: 16 ಡಿಗ್ರಿ. ಚಕ್ರ ಉರುಳುವ ಸಾವಿರ ಕೆ.ಜಿ. ಕಾರನ್ನು ಆ ಏರಿನಲ್ಲಿ ಎಳೆಯಲು 300 ಕೆ.ಜಿ. ಎಳೆತ ಸಾಕು. ಕ್ಯಾಬಿನ ಹಿಂದೆ ಕೈಯಲ್ಲಿ ತಿರುಗಿಸುವ ವಿಂಚು ಕೂರಿಸಿದೆವು. ನಮ್ಮತ್ತಿಗೆ ಒಬ್ಬಳೇ ಹಿಡಿ ತಿರುಗಿಸಿ ಒಂದು ಮಾರುತಿಯನ್ನು ಮೇಲೆ ಹತ್ತಿಸಿದ ದಿನ ಹಟ್ಟಿಯ ಮಕ್ಕಳೆಲ್ಲ ಶಿಳ್ಳೆ ಹಾಕಿದರು.

ಹತ್ತಿಸಿದ ಕಾರನ್ನು ಕಟ್ಟಬೇಕಲ್ಲ. ಅಂಗಡಿಯಿಂದ ತಂದ ಬೆಲ್ಟು ಮೊದಲ ಓಟದಲ್ಲೇ ಸಡಿಲವಾಯಿತು. ಅಪ್ಪ ದೂರದಲ್ಲಿ ಕೂತು ನೋಡುತ್ತಿದ್ದ. ಎದ್ದು ಮನೆಗೆ ಹೋದ. ಬಂದಾಗ ಕೈಯಲ್ಲಿ ತಾತನ ಹಗ್ಗ. ನಾವು ಯಾರೂ ಮಾತಾಡಲಿಲ್ಲ. ಅಪ್ಪ ಕಾರಿನ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಗಂಟು ಹಾಕಿದ. "ಜಗ್ಗಿದಷ್ಟೂ ಬಿಗೀತದೆ. ಈ ತುದಿ ಎಳೆದ್ರೆ ಒಂದೇ ಏಟಿಗೆ ಬಿಚ್ಕೊತದೆ" ಅಂದ. ಎತ್ತಿನ ಕಾಲು ಕಟ್ಟುವ ಗಂಟು. ಆ ಕೆಲಸ ಬಿಟ್ಟು ಊಟಕ್ಕಿಲ್ಲದೆ ಒಂದು ವರ್ಷ ಕಳೆದ ಮನುಷ್ಯನ ಕೈ ಆ ಗಂಟನ್ನು ಮರೆತಿರಲಿಲ್ಲ. ಅಣ್ಣ ಮೂರು ಸಲ ಹಾಕಿಸಿಕೊಂಡು ಕಲಿತ. ಹಗ್ಗ ಹಳೆಯದು, ಪುಡಿಯಾಗುತ್ತಿತ್ತು. ಅದನ್ನು ಮತ್ತೆ ಗೂಟಕ್ಕೆ ಹಾಕಿ, ಹೊಸ ನೈಲಾನ್ ಹಗ್ಗ ತಂದೆವು. ನಾಲ್ಕು ಚಕ್ರಕ್ಕೂ ಬೇರೆ ಬೇರೆ, ಜೊತೆಗೆ ಒಂದು ಸರಪಣಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮವರನ್ನು ಕಾರಿಗೆ ಕಟ್ಟಿ ಹೊಡೆದಿದ್ದರು. ಅದೇ ಅಕ್ಟೋಬರಿನಲ್ಲಿ ಉಡುಪಿ ಚಲೋ ಜಾಥಾಕ್ಕೆ ನಾನೂ ಹೋಗಿ ಗಂಟಲು ಕಟ್ಟುವ ತನಕ ಕೂಗಿ ಬಂದಿದ್ದೆ. ಈಗ ನಮ್ಮ ಮನೆಯಲ್ಲೇ ಎಳೆಯುವ ಗಾಡಿ ಕಟ್ಟುತ್ತಿದ್ದೇವೆ. ತಾತ ಸತ್ತ ದನ ಎಳೆದ, ಅಣ್ಣ ಸತ್ತ ಕಾರು ಎಳೆಯುತ್ತಾನೆ. ಇದು ಮುಂದಕ್ಕೆ ಹೋದ ಹಾಗೋ, ಸುತ್ತು ಹೊಡೆದು ಅಲ್ಲಿಗೇ ಬಂದ ಹಾಗೋ? ಅಣ್ಣನಿಗೆ ಕೇಳಿದೆ. ಅವನು ಮಗ್ಗುಲು ತಿರುಗಿ, "ಬೆಳಿಗ್ಗೆ ರೆಡ್ ಆಕ್ಸೈಡ್ ಹೊಡಿಬೇಕು, ಮಲಿಕ್ಕೊ" ಅಂದ.

ಆಮೇಲೆ ಆರ್.ಟಿ.ಓ. ಗಾಡಿಯ ಗುರುತು ಅಂದರೆ ಚಾಸಿನ ನಂಬರು. ಆ ಲೆಕ್ಕದಲ್ಲಿ ನಮ್ಮದು ಇನ್ನೂ ಬಸ್ಸೇ. ಬಸ್ಸಿನಿಂದ ಗೂಡ್ಸಿಗೆ ಬದಲಾಗಲು ಅರ್ಜಿ ಹಾಕಬೇಕು, ಎಂಜಿನ್ ಬದಲಾದದ್ದನ್ನು ಬರೆಸಬೇಕು, ತೂಕದ ಚೀಟಿ ತರಬೇಕು, ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಒಪ್ಪಬೇಕು. ಅರ್ಜಿ ಬರೆದದ್ದು ನಾನು. ಇನ್ಸ್‌ಪೆಕ್ಟರು ಗಾಡಿಯ ಸುತ್ತ ಬಂದು, ಕೆಳಗೆ ಬಗ್ಗಿ ನೋಡಿ ಕೇಳಿದರು:

"ಯಾವ ಬಾಡಿ ಬಿಲ್ಡರು ಕಟ್ಟಿದ್ದು?"

"ನಾವೇ ಸಾರ್."

"ನಾವು ಅಂದ್ರೆ?"

ಆ 'ಅಂದ್ರೆ' ನಮಗೆ ಗೊತ್ತಿರುವ ಪ್ರಶ್ನೆ. ಊರು ಕೇಳುತ್ತಾರೆ, ಊರಲ್ಲಿ ಯಾವ ಕಡೆ ಅಂತ ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ. ಅಣ್ಣ ಮೂರಕ್ಕೂ ಉತ್ತರ ಕೊಟ್ಟ. ಕಡತ ಎರಡು ತಿಂಗಳು ಮೇಜಿನ ಮೇಲೆ ಮಲಗಿತು. ಬ್ರೋಕರು ಒಂದು ಮೊತ್ತ ಹೇಳಿದ. ಕೊಟ್ಟೆವು. ಕೊಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಕೊನೆಗೆ ಆರ್.ಸಿ. ಪುಸ್ತಕದಲ್ಲಿ ಗಾಡಿಯ ಜಾತಿ ಬದಲಾಯಿತು. ಅಣ್ಣ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ನೋಡ್ಲಾ, ಬಸ್ಸು ಗೂಡ್ಸ್ ಆಗಕ್ಕೆ ಒಂದು ಫಾರಂ ಐತೆ" ಅಂದ. ಉಳಿದದ್ದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗಾಡಿಯ ಮೇಲೆ ಏನು ಬರೆಸಬೇಕು ಅನ್ನುವುದಕ್ಕೆ ನನಗೂ ಅವನಿಗೂ ಜಗಳವಾಯಿತು. ನಾನು ಕವಿ. ಎರಡು ಸಾಲು ಕೆಂಪಕ್ಷರದಲ್ಲಿ ಬರೆದು ಇಟ್ಟಿದ್ದೆ. ಅಣ್ಣ ಓದಿ, "ಚೆನ್ನಾಗೈತೆ. ಆದ್ರೆ ರೋಡಲ್ಲಿ ನಿಂತಿರೋನಿಗೆ ಬೇಕಾಗಿರೋದು ಫೋನ್ ನಂಬ್ರು, ಬಾಡಿಗೆ ರೇಟು" ಅಂದ. ಕ್ಯಾಬಿನ ಮೇಲೆ ನೀಲಿಯಲ್ಲಿ 'ಜೈ ಭೀಮ್', ಪಕ್ಕದ ಬಾಗಿಲಿಗೆ ಫೋನ್ ನಂಬರು, ಅದರ ಕೆಳಗೆ: ಮೊದಲ 10 ಕಿ.ಮೀ.ಗೆ 1,500 ರೂಪಾಯಿ, ಆಮೇಲೆ ಕಿ.ಮೀ.ಗೆ 40. ಅಕ್ಷರ ಬರೆದವನು ನಾನೇ. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದೇ.

ಗಾಡಿ ಓಡಿತು. ಮೊದಲ ತಿಂಗಳು ಏಳು ಬಾಡಿಗೆ, ಎರಡನೇ ತಿಂಗಳು ಹದಿನೈದು. ಕಾರಿನ ಎಂಜಿನ್ ಇರುವ ತುದಿ ಹಿಂದಿನ ಅಚ್ಚಿನ ಮುಂದೆ ಬರುವ ಹಾಗೆ ಕೂರಿಸಬೇಕು, ಇಲ್ಲದಿದ್ದರೆ ನಮ್ಮ ಗಾಡಿಯ ಮೂತಿ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ ಅನ್ನುವುದನ್ನು ಒಂದು ತಿರುವಿನಲ್ಲಿ ಜೀವ ಬಾಯಿಗೆ ಬಂದಾಗ ಕಲಿತೆವು. ನಡುರಾತ್ರಿ ಹೆದ್ದಾರಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಿಂತವರು ನಮ್ಮ ಕ್ಯಾಬಿನಲ್ಲಿ ಕೂತು, ನಮ್ಮ ಬಾಟಲಿ ನೀರು ಕುಡಿದರು. 'ಜೈ ಭೀಮ್' ನೋಡಿ ನೀರು ಬೇಡ ಅಂದವರೂ ಇದ್ದರು. ಕಾರು ಬೇಡ ಅನ್ನಲಿಲ್ಲ.

ಹೀಗಿರುವಾಗ, 2018ರ ಮಳೆಗಾಲದಲ್ಲಿ, ಗೌಡರ ಕಾರು ಕೆರೆ ಏರಿಯ ಮೇಲೆ ನಿಂತುಹೋಯಿತು. ಆಳು ಬಂದ. ಷೆಡ್ಡಿನ ಹೊರಗೇ ನಿಂತ.

"ಗೌಡ್ರ ಕಾರು ನಿಂತೋಗೈತೆ. ಎಳ್ಕೊಂಡು ಬರ್ಬೇಕಂತೆ."

"ಬತ್ತೀನಿ. ಸಾವ್ರದೈನೂರು ಆಯ್ತದೆ" ಅಂದ ಅಣ್ಣ.

"ಗೌಡ್ರ ಹತ್ರಾನೂ ಬಾಡಿಗೇನಾ?"

"ಬೋರ್ಡ್ ಮೇಲೆ ಬರ್ದೈತೆ."

ಆಳು ಹೋದ. ಗೌಡರದೇ ಫೋನು ಬಂತು. ಅಣ್ಣ ಸ್ಪೀಕರಿಗೆ ಹಾಕಿದ. "ಏನ್ಲಾ, ನಿಮ್ಮ ತಾತ ಯಾವತ್ತಾದ್ರೂ ನಮ್ಮನೇಲಿ ಎಳೆಯೋಕೆ ದುಡ್ಡು ಕೇಳಿದ್ನೇನ್ಲಾ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ ತಾತನ ಹತ್ರ ಬೋರ್ಡ್ ಇರ್ಲಿಲ್ಲ ಸ್ವಾಮಿ."

ಫೋನು ಕಟ್ಟಾಯಿತು. ಷೆಡ್ಡಿನಲ್ಲಿ ಅಪ್ಪ ಇದ್ದ, ನಾನಿದ್ದೆ. ಹಟ್ಟಿಯೊಳಗಿನಿಂದ ತಿರುಗಿ ಕೂಗಿದ್ದ ಅದೇ ಅಪ್ಪ ಈಗ ಮೆಲ್ಲಗೆ, "ಒಂದ್ಸಲ ಎಳ್ದು ಕೊಟ್ಬುಡಪ್ಪ, ಜಾಗ ಅವ್ರದು" ಅಂದ. ಅವನನ್ನು ನಾನು ದೂರುವುದಿಲ್ಲ. ಒಂದು ವರ್ಷದ ಹಸಿವು ಅವನ ಹೊಟ್ಟೆಗೆ ನೆನಪಿದೆ. ದೂರಬೇಕಾದ್ದು ನನ್ನನ್ನು. ವೇದಿಕೆಯ ಮೇಲೆ ಮುಷ್ಟಿ ಎತ್ತಿ ಪದ್ಯ ಓದುವ ನಾನು ಆ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ನೆಲದ ಮೇಲೆ ನನ್ನ ಸೀಮೆಸುಣ್ಣದ ಲೆಕ್ಕ ಅರ್ಧ ಅಳಿಸಿ ಇನ್ನೂ ಇತ್ತು.

ಅಣ್ಣ ಹೋಗಲಿಲ್ಲ. ಕಾರು ಮೂರು ದಿನ ಏರಿಯ ಮೇಲೆ ನೆನೆಯಿತು. ನಾಲ್ಕನೇ ದಿನ ಟೌನಿನ ಕ್ರೇನು ಬಂದು ಎಳೆದುಕೊಂಡು ಹೋಯಿತು. ಅವನಿಗೆ ಗೌಡರು 3,500 ಕೊಟ್ಟರು ಅಂತ ಆಳೇ ಹೇಳಿದ. ಚೌಕಾಸಿ ಕೂಡ ಮಾಡಲಿಲ್ಲವಂತೆ. ಅಲ್ಲಿಗೆ ದುಡ್ಡಿನ ಪ್ರಶ್ನೆ ಆಗಿರಲಿಲ್ಲ ಅನ್ನುವುದು ಹಟ್ಟಿಯ ಚಿಕ್ಕ ಮಕ್ಕಳಿಗೂ ತಿಳಿಯಿತು.

ವಾರದಲ್ಲಿ ಜಾಗ ಖಾಲಿ ಮಾಡಿ ಅನ್ನುವ ಮಾತು ಬಂತು. ಕಾಗದ ಇಲ್ಲದ್ದರಿಂದ ಕೇಳಲು ನಮಗೆ ಬಾಯಿ ಇರಲಿಲ್ಲ. ಅಣ್ಣ ವಾದ ಮಾಡಲಿಲ್ಲ. ವೆಲ್ಡಿಂಗ್ ಸೆಟ್ಟು, ಕಂಪ್ರೆಸರು, ಅಡಿಗಲ್ಲು, ಜಾಕುಗಳು, ನಾಲ್ಕು ಕಂಬ, ತಗಡು, ಎಲ್ಲವನ್ನೂ ತಾನು ಕಟ್ಟಿದ ಗಾಡಿಯ ಮೇಲೆ ಹೇರಿದ. ಮೂರು ಟ್ರಿಪ್ಪು. ಅಪ್ಪ ಗಂಟು ಹಾಕಿದ. ತಾಲ್ಲೂಕು ಕೇಂದ್ರದ ಹೊರಗೆ ಒಂದು ಖಾಲಿ ಸೈಟು ಹುಡುಕಿದ್ದೆವು. ಹನ್ನೊಂದು ತಿಂಗಳ ಕರಾರು, ಛಾಪಾ ಕಾಗದದ ಮೇಲೆ. ಆ ಕರಾರನ್ನು ಒಂದೊಂದು ಸಾಲೂ ಓದಿ, ಎರಡು ಕಡೆ ತಿದ್ದಿಸಿ, ಆಮೇಲೆ ಅಣ್ಣನ ಸಹಿ ಹಾಕಿಸಿದವನು ನಾನು. ನೆಲ ನೋಡಿದ್ದಕ್ಕೆ ಅದು ಪ್ರಾಯಶ್ಚಿತ್ತ ಆಗುವುದಿಲ್ಲ. ಆದರೂ ನನ್ನ ಓದು ನಮ್ಮ ಮನೆಗೆ ಕೆಲಸಕ್ಕೆ ಬಂತು ಅನಿಸಿದ್ದು ಅವತ್ತು.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಿಸಿದ ಕಂಪನಿ ಹೇಳಿದ ರೂಪಕ್ಕೆ ವಿರುದ್ಧವಾಗಿ ಗಾಡಿಯ ಮೂಲ ರಚನೆಯನ್ನು ಬದಲಾಯಿಸುವಂತಿಲ್ಲ ಅಂತ. ಒಂದು ವರ್ಷ ತಡವಾಗಿದ್ದರೆ ನಮ್ಮ ಗಾಡಿ ರಸ್ತೆಗೆ ಇಳಿಯುತ್ತಿರಲಿಲ್ಲವೋ ಏನೋ. ಇದನ್ನು ಓದಿ ನನಗೆ ಸಿಟ್ಟು ಬಂತು. ಅಣ್ಣನಿಗೆ ಬರಲಿಲ್ಲ. "ಸರಿ ಐತೆ ಕಣ್ಲಾ. ಯಾರ್ ಯಾರೋ ಏನೇನೋ ಕಟ್ಕೊಂಡು ರೋಡಿಗೆ ಬಂದ್ರೆ ಜನ ಸಾಯ್ತಾರೆ" ಅಂದ. ಕಬ್ಬಿಣದ ವಿಷಯದಲ್ಲಿ ಅವನ ಮಾತು ನನಗಿಂತ ತೂಕದ್ದು. ಗಾಡಿಗೆ ಆ ನಿಯಮ ಇರಲಿ. ಮಾಡಿದವನು ಹೇಗೆ ಮಾಡಿದನೋ ಹಾಗೇ ಇರಬೇಕು ಅನ್ನುವ ಅದೇ ನಿಯಮವನ್ನು ನಮ್ಮ ಹಟ್ಟಿಯ ಮನುಷ್ಯರ ಮೇಲೆ ಹೊರಿಸಿದವರು ಯಾವ ಕೋರ್ಟಿನವರು? ಅವರ ತೀರ್ಪನ್ನು ಹುಣಸೆಮರದ ಕೆಳಗೆ ನಿಂತು ಓದಿ ಹೇಳುತ್ತಿದ್ದರಲ್ಲ, ಅದಕ್ಕೆ ಯಾರೂ ಸಹಿ ಹಾಕಿರಲಿಲ್ಲ.

ಆ ರಾತ್ರಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ಎರಡು ವರ್ಷ ಕಳೆದ ಮೇಲೆ. ಟೌನಿನಿಂದ ಒಬ್ಬ ಹೈನುಗಾರರ ಫೋನು. ಮರ್ಯಾದಸ್ಥರು, ಬಹುವಚನದಲ್ಲೇ ಮಾತಾಡಿದರು. ಅವರ ಸೀಮೆಹಸು ಸತ್ತಿದೆ, ಊರ ಹೊರಗೆ ಗುಂಡಿ ತೋಡಿಸಿದ್ದಾರೆ, ನಿಮ್ಮ ಗಾಡಿಯಲ್ಲಿ ವಿಂಚು ಇದೆಯಲ್ಲ, ಬಾಡಿಗೆ ಎಷ್ಟಾದರೂ ಕೊಡುತ್ತೇನೆ ಅಂದರು. ಗೌಡರು ಕೊಡಲೊಲ್ಲದ್ದನ್ನು ಇವರು ಎರಡರಷ್ಟು ಕೊಡಲು ತಯಾರಿದ್ದರು. ಅಣ್ಣ ಕೇಳಿಸಿಕೊಂಡು, "ಇಲ್ಲ ಸಾರ್, ನಂದು ಕಾರ್ ಗಾಡಿ. ಟ್ರ್ಯಾಕ್ಟರ್‌ನೋರಿಗೆ ಕೇಳ್ನೋಡಿ" ಅಂತ ಇಬ್ಬರ ನಂಬರು ಕೊಟ್ಟು ಫೋನಿಟ್ಟ.

"ಯಾಕಣ್ಣ, ದುಡ್ಡು ಕೊಡ್ತಿದ್ರಲ್ಲ?" ಅಂದೆ.

"ಕೊಡ್ತಿದ್ರು. ಒಳ್ಳೇರೇ. ಆದ್ರೆ ನಂಗೆ ಮನಸಿಲ್ಲ." ಸ್ವಲ್ಪ ತಡೆದು, "ತಾತುಂಗೆ ಇದೊಂದು ಮಾತು ಬಾಯಿಗೆ ಬಂದಿದ್ರೆ ಸಾಕಿತ್ತು ನೋಡು" ಅಂದ.

ಎಳೆಯುವ ಕೆಲಸ ಕೀಳಲ್ಲ ಗೆಳೆಯರೇ. ಸುಲಿಯುವುದೂ ಕೀಳಲ್ಲ, ತಾತನ ಗಂಟಿನಲ್ಲಿ ಇದ್ದದ್ದು ವಿದ್ಯೆಯೇ. ಬೇಡ ಅನ್ನಲು ಆಗದೆ ಎಳೆಯಬೇಕಾಗಿ ಬಂದದ್ದು ಕೀಳು. ಬೆಲೆಯನ್ನು ಎಳೆಸಿಕೊಂಡವನೇ ಕಟ್ಟುವುದು ಕೀಳು. ನಮ್ಮಣ್ಣ 14 ಅಡಿ ಹಾಸಿನ ಮೇಲೆ ಕಟ್ಟಿಕೊಂಡದ್ದು ಆ ಎರಡು ಹಕ್ಕುಗಳನ್ನು: ಬೆಲೆ ಹೇಳುವುದು, ಬೇಡ ಅನ್ನುವುದು. ಹಟ್ಟಿಯಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ಇವೆರಡೂ ಇಲ್ಲ. ಎಲ್ಲರೂ ಒಂದೊಂದು ಗಾಡಿ ಕಟ್ಟಿಕೊಳ್ಳಲು ಆಗುವುದಿಲ್ಲ ಅನ್ನುವುದೂ ಗೊತ್ತು. ಅದಕ್ಕೇ ಸಂಘಟನೆ ಬೇಕು, ಕಾಗದ ಓದುವವರು ಬೇಕು, ಈ ಪತ್ರಿಕೆ ಬೇಕು.

ಗಾಡಿ ಈಗಲೂ ಓಡುತ್ತಿದೆ. ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು, ಪ್ರತಿ ಸಲವೂ ಯಾರೋ ಒಬ್ಬರು ಸುತ್ತ ಬಂದು "ಯಾರು ಕಟ್ಟಿದ್ದು?" ಅಂತ ಕೇಳುತ್ತಾರೆ. ಹೋದ ತಿಂಗಳು ಹಿಂದಿನ ಕಮಾನಿನಲ್ಲಿ ಒಂದು ಪ್ಲೇಟು ಮುರಿಯಿತು. ಬದಲಾಯಿಸುವಾಗ ನಾನು ಜಾಕು ಹಿಡಿದಿದ್ದೆ. "ಈಗೇನು ಬರೀತಾ ಇದೀಯ?" ಅಂತ ಗಾಡಿಯ ಕೆಳಗಿನಿಂದ ಅಣ್ಣ ಕೇಳಿದ. "ಈ ಗಾಡಿ ವಿಷಯಾನೇ" ಅಂದೆ.

"ರೇಟು ಸರಿಯಾಗಿ ಬರಿ" ಅಂದ. "1,500 ಅಂತ ಹಾಕ್ಬೇಡ. ಈಗ 2,000 ಆಗೈತೆ."